ಮೂವತ್ತೊಂದನೆಯ ನಂಬರಿನ ಹೂ

ನಮ್ಮ ಊರಿನಲ್ಲಿ ಅಂಗಳದಲ್ಲಿ ಒಂದಾದರೂ ಹೂ ಅರಳಿರದ ಮನೆ ಹೊರಗಿನವರಿಗೆ ಸಿಗುವುದಿಲ್ಲ. ಮನೆ ಅಲ್ಲೇ ಇರುತ್ತದೆ. ಒಳಗಿನವರು ಉಣ್ಣುತ್ತಾರೆ, ಮಲಗುತ್ತಾರೆ, ಒಲೆಯ ಹೊಗೆಯೂ ಮಾಡಿನ ಮೇಲೆ ಏಳುತ್ತದೆ. ಆದರೆ ದಾರಿಯಲ್ಲಿ ಬಂದವರ ಕಾಲು ಅಲ್ಲಿ ನಿಲ್ಲದೆ ಮುಂದಿನ ಮನೆಗೆ ಹೋಗಿಬಿಡುತ್ತದೆ. ಮನೆಯವರು ಹೊರಗೆ ಹೋಗಬಹುದು, ತಿರುಗಿ ಬರಬಹುದು, ಅವರಿಗೆ ತಮ್ಮ ಬಾಗಿಲು ಯಾವತ್ತೂ ತಪ್ಪುವುದಿಲ್ಲ. ತಪ್ಪುವುದು ಬೇರೆಯವರಿಗೆ, ಅದು ಸ್ವಂತ ಅಣ್ಣತಮ್ಮಂದಿರಾದರೂ ಸರಿ. ಹುಟ್ಟಿದಂದಿನಿಂದ ಹೀಗೇ ನೋಡಿದ ನಮಗೆ ಇದು ದೊಡ್ಡ ಸಂಗತಿ ಅನ್ನಿಸುವುದಿಲ್ಲ. ಬೇರೆ ಊರುಗಳಲ್ಲಿ ಬಾವಿ ಬತ್ತುತ್ತದಂತೆ. ನಮ್ಮಲ್ಲಿ ಅಂಗಳ ಬತ್ತುತ್ತದೆ, ಅಷ್ಟೆ.

ಕೊಯ್ದು ತಂದು ತೂಗುಹಾಕಿದ ಹೂ ಆಗುವುದಿಲ್ಲ, ಕಾಗದದ್ದಂತೂ ಆಗಲೇ ಆಗದು. ಪಕ್ಕದ ಮನೆಯಿಂದ ಚಟ್ಟಿಯಲ್ಲಿ ತಂದಿಟ್ಟದ್ದೂ ನಡೆಯುವುದಿಲ್ಲ. ಬೇರು ಆ ಅಂಗಳದ ಮಣ್ಣು ಹಿಡಿದು, ಮೊಗ್ಗು ಅಲ್ಲೇ ಮೂಡಿ, ಅಲ್ಲೇ ಬಿರಿಯಬೇಕು. ಹಾಗಾದರೆ ಎರಡು ದಾಸವಾಳದ ಗೆಲ್ಲು ಊರಿದರೆ ಮುಗಿಯಿತಲ್ಲ ಎಂದು ಕೇಳುವವರಿದ್ದಾರೆ. ದಾಸವಾಳಕ್ಕೆ ನಮ್ಮ ಊರು ನನ್ನ ಅಜ್ಜನ ಕಾಲದಲ್ಲೇ ಪಳಗಿಹೋಗಿತ್ತು. ಕೇಪಳಕ್ಕೆ ಅದಕ್ಕೂ ಮೊದಲೇ. ಒಂದು ಹೂವನ್ನು ಹತ್ತು ಹನ್ನೆರಡು ವರ್ಷ ನೋಡಿದ ಮೇಲೆ ಜನರ ಕಾಲು ಅದಕ್ಕೆ ನಿಲ್ಲುವುದಿಲ್ಲ. ಎಷ್ಟು ಅರಳಿದ್ದರೂ ಅದು ಹಸಿರು ಎಲೆಯಂತೆಯೇ. ಆದ್ದರಿಂದ ನಮಗೆ ಯಾವಾಗಲೂ ಹೊಸ ಹೂ ಬೇಕು. ಚಳಿಯ ತಿಂಗಳುಗಳಲ್ಲಿ ಯಾವ ಬೀಜ ಎರಚಿದರೂ ಏನಾದರೊಂದು ಅರಳೀತು. ಕಷ್ಟವಿರುವುದು ಬೆವರುಗಾಲದಲ್ಲಿ. ಬಿಸಿಲು ಏರಿದ ಮೇಲೆ, ಮಳೆ ಸರಿಯಾಗಿ ಹಿಡಿಯುವ ತನಕ, ಗಾಳಿ ಒದ್ದೆ ಬಟ್ಟೆಯ ಹಾಗೆ ಮೈಗೆ ಅಂಟಿಕೊಂಡಿರುವ ಆ ಕಾಲಕ್ಕೆ ನಾವು ಇಟ್ಟ ಹೆಸರು ಅದು. ಆಗ ಗಿಡದ ಬುಡ ಕೊಳೆಯುತ್ತದೆ, ಮೊಗ್ಗು ಬೆಂದಂತಾಗಿ ಉದುರುತ್ತದೆ. ಊರು ಅರ್ಧಕ್ಕರ್ಧ ಕಾಣೆಯಾಗುತ್ತದೆ. ಅಂಚೆಯವನು ಕಾಗದಗಳನ್ನೆಲ್ಲ ಅರಳಿಕಟ್ಟೆಯ ಮೇಲೆ ಕಲ್ಲು ಹೇರಿ ಇಟ್ಟು ಹೋಗುತ್ತಾನೆ. ಆ ಕಾಲದಲ್ಲಿ ಹೆಣ್ಣು ನೋಡುವ ಶಾಸ್ತ್ರವನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

ಇದಕ್ಕಾಗಿಯೇ ಊರ ಮೇಲ್ಗಡೆಯಲ್ಲಿ ಪರೀಕ್ಷೆ ಗದ್ದೆ ಎಂದು ಒಂದು ಜಾಗ ಇತ್ತು, ಈಗಲೂ ಇದೆ. ಎಲ್ಲೆಲ್ಲಿಂದಲೋ ಹೊಸ ಹೂವಿನ ಬೀಜಗಳು ನಂಬರು ಹಾಕಿದ ಪೊಟ್ಟಣಗಳಲ್ಲಿ ಬರುತ್ತಿದ್ದವು. ಅವುಗಳನ್ನು ಪಾತಿ ಮಾಡಿ ಬಿತ್ತಿ, ಒಂದು ಬೆವರುಗಾಲ ಪೂರ್ತಿ ನಿಲ್ಲಿಸಿ ನೋಡಿ, ಗೆದ್ದದ್ದನ್ನು ಮಾತ್ರ ಮನೆಗಳಿಗೆ ಕೊಡುವುದು ಕ್ರಮ. ನಾನು ಆ ಗದ್ದೆಯ ಕೆಲಸಕ್ಕೆ ಸೇರಿದಾಗ ನನಗೆ ಮೀಸೆ ಚಿಗುರಿದ್ದಷ್ಟೆ. ಎರಡನೆಯ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಪುಸ್ತಕದ ಕೆಲಸ ಬರುತ್ತಿರಲಿಲ್ಲ, ಮಣ್ಣಿನ ಕೆಲಸ ಬರುತ್ತಿತ್ತು. ಪುಸ್ತಕವನ್ನು ಪದ್ಮಾಕ್ಷಿ ಮೇಡಂ ಬರೆಯುತ್ತಿದ್ದರು. ಕಲಿತವರು, ಮಾತು ಕಡಿಮೆ, ಕೊಡೆ ಹಿಡಿಯದೆ ಬಿಸಿಲಲ್ಲಿ ನಿಲ್ಲುತ್ತಿದ್ದರು. ಬಣ್ಣ ಬಿಸಿಲಿಗೆ ಮಾಸಿತೋ, ಎಸಳು ಕೊಳೆಯಿತೋ, ಗಿಡ ಗಾಳಿಗೆ ಮಲಗಿತೋ ಎಂದು ವಾರ ವಾರ ಬರೆದಿಡುತ್ತಿದ್ದರು.

ಕೊನೆಯ ಅಂಕ ಮಾತ್ರ ಊರಿನವರದ್ದು. ಹದಿನೈದು ದಿನಕ್ಕೊಮ್ಮೆ ಬೇರೆ ಬೇರೆ ಕೇರಿಯ ಹನ್ನೆರಡು ಜನ ಬಂದು, ತಲೆ ತಗ್ಗಿಸಿ, ಮನೆಯ ಕಷ್ಟಸುಖ ಮಾತಾಡುತ್ತ ಪಾತಿಗಳ ನಡುವೆ ನಡೆಯುತ್ತಿದ್ದರು. ಹೂವನ್ನು ನೋಡಬಾರದು. ಕಾಲು ತಾನಾಗಿ ಎಲ್ಲಿ ನಿಂತಿತೋ ಆ ಪಾತಿಯ ತಲೆಯಲ್ಲಿಟ್ಟ ತೆಂಗಿನ ಚಿಪ್ಪಿಗೆ ಒಂದು ಹುಣಸೆಬೀಜ ಹಾಕಬೇಕು. ಒಂದು ವರ್ಷ ಒಂಬತ್ತನೆಯ ನಂಬರಿಗೆ ಚಿಪ್ಪು ತುಂಬುವಷ್ಟು ಬೀಜ ಬಿದ್ದಿತ್ತು, ಆದರೆ ನಿಂತವರಲ್ಲಿ ಹನ್ನೊಂದು ಜನ ಸೀನಿದರು. ಬೀಗರು ಬಾಗಿಲಲ್ಲಿ ಸೀನಿದರೆ ಸಂಬಂಧ ಕುದುರುವುದು ಹೇಗೆ ಎಂದು ಮೇಡಂ ನಗದೆಯೇ ಅದನ್ನು ಹೊಡೆದು ಹಾಕಿದರು.

ಗದ್ದೆಗೆ ಒಂದೇ ದೊಡ್ಡ ಕಟ್ಟಳೆ. ಮನೆಯವರು ಮಾಡುವಷ್ಟೇ ನಾವೂ ಮಾಡಬೇಕು, ಅದಕ್ಕಿಂತ ಕೂದಲೆಳೆಯಷ್ಟೂ ಹೆಚ್ಚು ಆರೈಕೆ ಕೂಡದು. ಸಂಜೆ ಪಾತಿಗೆ ಒಂದು ಕೊಡಪಾನ ನೀರು, ವಾರಕ್ಕೊಮ್ಮೆ ಅಕ್ಕಿ ತೊಳೆದ ನೀರು, ಮುಗಿಯಿತು. ಗೊಬ್ಬರ ಇಲ್ಲ, ಮದ್ದು ಇಲ್ಲ, ಸವರುವುದಿಲ್ಲ, ಕಟ್ಟುವುದಿಲ್ಲ. ಮುದ್ದು ಮಾಡಿ ಬೆಳೆಸಿದ ಗಿಡ ಇಲ್ಲಿ ಗೆದ್ದು ಬಡವರ ಅಂಗಳದಲ್ಲಿ ಸೋತರೆ ಯಾರ ಮನೆ ಕಾಣೆಯಾಗುತ್ತದೆ ಎಂದು ಮೇಡಂ ನನಗೆ ಮೊದಲ ದಿನವೇ ಹೇಳಿದ್ದರು. ಆ ಮಾತನ್ನು ನಾನು ದೇವರ ಮುಂದಿನ ದೀಪದ ಹಾಗೆ ಕಾಪಾಡಿಕೊಂಡು ಬಂದೆ. ಬಂದೆ ಎಂದೇ ತಿಳಿದಿದ್ದೆ.

ನಾನು ಹೇಳಹೊರಟ ಹೂ ಬಂದದ್ದು ನಾನು ಗದ್ದೆಗೆ ಸೇರಿ ಇಪ್ಪತ್ತೇಳು ವರ್ಷವಾದ ಮೇಲೆ. ಪೊಟ್ಟಣದ ಮೇಲೆ ಮೂವತ್ತೊಂದು ಎಂದು ಬರೆದಿತ್ತು. ಮೊಣಕಾಲೆತ್ತರದ ಗಿಡ, ಬೆಂದ ಸಿಗಡಿಯ ಬಣ್ಣದ ಹೂ, ನಡುವೆ ಅರಿಸಿನದ ಒಂದು ಬೊಟ್ಟು. ಆ ಬೆವರುಗಾಲದಲ್ಲಿ ಉಳಿದ ಪಾತಿಗಳೆಲ್ಲ ಒಂದೊಂದಾಗಿ ಕುಸಿದವು. ಮೂವತ್ತೊಂದು ಒಂದು ದಿನವೂ ಹೂ ತಪ್ಪಿಸಲಿಲ್ಲ. ಹನ್ನೆರಡು ಜನರ ಹನ್ನೆರಡು ಬೀಜವೂ ಅದರ ಚಿಪ್ಪಿಗೇ ಬಿದ್ದದ್ದು ನಾನು ಕಂಡದ್ದು ಅದೊಂದೇ ಸಲ. ಮೇಡಂ ಪುಸ್ತಕದಲ್ಲಿ ಏನೋ ಬರೆದು ಕೆಳಗೆ ಎರಡು ಗೆರೆ ಎಳೆದರು. ಮರುವರ್ಷ ಆ ಬೀಜವನ್ನು ಮತ್ತಷ್ಟು ತರಿಸಿ, ಸಸಿ ಮಾಡಿ, ಮೊದಲು ತಗ್ಗಿನ ಕೇರಿಗೆ ಕೊಡುವುದೆಂದು ತೀರ್ಮಾನವಾಯಿತು.

ತಗ್ಗಿನ ಕೇರಿ ಹೊಳೆಯ ಬದಿಗಿದೆ. ಗಾಳಿ ಆಡುವುದಿಲ್ಲ, ಮಣ್ಣಿನಲ್ಲಿ ಉಪ್ಪುನೀರಿನ ಪಸೆ. ಪ್ರತಿ ಬೆವರುಗಾಲದಲ್ಲೂ ಮೊದಲು ಕಾಣೆಯಾಗುವುದು ಅದೇ ಕೇರಿ. ಸಸಿ ಹಂಚಲು ನಾನೇ ಹೋಗಿದ್ದೆ. ಅಲ್ಲಿ ಚಂದ್ರಾವತಿ ಎಂಬ ಹೆಂಗಸು. ಅವಳ ಗಂಡ ಐತಪ್ಪ ತೆಂಗಿನಮರ ಹತ್ತಿ ಕಾಯಿ ಕೀಳುವವನು, ತಿಂಗಳ ಹಿಂದೆ ಮರದಿಂದ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದ. ಮೂರು ತಿಂಗಳು ಅಲುಗಾಡದೆ ಮಲಗಿರಬೇಕು, ಗಾಡಿಯಲ್ಲಿ ಹಾಕಿ ಒಯ್ದರೆ ಕೂಡುತ್ತಿರುವ ಎಲುಬು ಮತ್ತೆ ಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಮಲಗಿ ಮಲಗಿ ಬೆನ್ನಿನ ಕೆಳಗೆ ಹುಣ್ಣಾಗಿತ್ತು. ಅದನ್ನು ತೊಳೆದು ಕಟ್ಟಲು ಆಸ್ಪತ್ರೆಯ ನರ್ಸು ಬೆನೆಡಿಕ್ಟಾ ಬಾಯಿ ದಿನವೂ ಬರುತ್ತಿದ್ದಳು. ಚಂದ್ರಾವತಿ ನನ್ನ ಕೈಯಿಂದ ಸಸಿ ತೆಗೆದುಕೊಂಡು, ಇದು ಬೆವರುಗಾಲದಲ್ಲಿ ನಿಲ್ಲುತ್ತದೋ ಎಂದು ಒಂದೇ ಮಾತು ಕೇಳಿದಳು. ಬೆನೆಡಿಕ್ಟಾ ಬಾಯಿ ಬರುವುದು ನಿಂತರೆ ತನ್ನ ಗಂಡ ಉಳಿಯುವುದಿಲ್ಲ ಎಂದೂ ಹೇಳಿದಳು.

“ನನ್ನ ಕಣ್ಣೆದುರೇ ನಿಂತದ್ದು ಮಾರಾಯ್ತಿ. ಒಂದು ದಿನ ತಪ್ಪಿಲ್ಲ. ಹೆದರಬೇಡ” ಎಂದೆ.

ಆ ಮಾತಿನ ಭಾರ ನನಗೆ ಆಗ ಗೊತ್ತಾಗಲಿಲ್ಲ.

ಹೂ ಅರಳಿತು. ಕೇರಿಯ ಇಪ್ಪತ್ತಾರು ಅಂಗಳದಲ್ಲೂ ಸಿಗಡಿ ಬಣ್ಣ. ನೆಂಟರು ಬಂದರು, ಮೀನಿನವಳು ಬಂದಳು, ಎಷ್ಟೋ ವರ್ಷದ ಮೇಲೆ ಬಿಸಿಲು ಏರಿದ ಮೇಲೂ ಆ ಕೇರಿಯಲ್ಲಿ ಹೊರಗಿನವರ ಸದ್ದು ಕೇಳಿತು. ಬೆವರುಗಾಲ ಹಿಡಿದು ಮೂರನೆಯ ವಾರಕ್ಕೆ ಹೂ ಕಡಿಮೆಯಾಯಿತು. ನಾಲ್ಕನೆಯ ವಾರಕ್ಕೆ ಗಿಡಗಳು ಹಸಿರಾಗಿ, ಸೊಂಪಾಗಿ, ಹೂವಿಲ್ಲದೆ ನಿಂತವು. ಒಂದೇ ವಾರದೊಳಗೆ ಕೇರಿ ಪೂರ್ತಿ ಹೋಯಿತು.

ಬೆನೆಡಿಕ್ಟಾ ಬಾಯಿ ಬ್ಯಾಗು ಹಿಡಿದು ಆ ಓಣಿಯಲ್ಲಿ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನಾಲ್ಕು ಸಲ ನಡೆದಳಂತೆ. ಚಂದ್ರಾವತಿ ಓಡಿ ಬಂದು ಅವಳ ಕೈ ಹಿಡಿದು ಕರೆದುಕೊಂಡು ಹೋದಳು. ಹೊಸಿಲಿನ ಹತ್ತಿರ ಬಂದಾಗ ಹಿಡಿದ ಕೈಯಲ್ಲಿ ಕೈ ಇರಲಿಲ್ಲ. ಬಾಯಿ ಆಚೆ ತಿರುವಿನಲ್ಲಿ ನಿಂತು ಸುತ್ತ ನೋಡುತ್ತಿದ್ದಳು. ಐತಪ್ಪನನ್ನೇ ಹಲಗೆಯ ಮೇಲೆ ಮಲಗಿಸಿ ಅಲುಗಾಡದಂತೆ ಹೊತ್ತು ತರಬಹುದಿತ್ತು. ಹೊತ್ತು ತರಲು ನಾಲ್ಕು ಜನ ಬೇಕು, ನಾಲ್ಕು ಜನ ಒಳಗೆ ಹೋಗಲು ಹೂ ಬೇಕು. ಹಾಗಾಗಿ ಬಾಯಿ ದಿನವೂ ಓಣಿಯ ತುದಿಗೆ ಬಂದು ನಿಲ್ಲುವುದು, ಚಂದ್ರಾವತಿ ಬಂದು ಹುಣ್ಣು ಎಷ್ಟಗಲ ಇದೆ, ಯಾವ ಬಣ್ಣ, ಏನು ವಾಸನೆ ಎಂದು ಹೇಳುವುದು, ಬಾಯಿ ಹತ್ತಿ ಮುಲಾಮು ಕೊಟ್ಟು ಹೀಗೆ ಮಾಡು ಎನ್ನುವುದು, ಇಷ್ಟೇ ನಡೆಯಿತು. ಗಂಡನನ್ನು ಮಗ್ಗುಲಾಗಿಸಲು ಅವಳೊಬ್ಬಳಿಗೆ ತ್ರಾಣ ಸಾಲದು. ಸೀರೆಯೊಂದನ್ನು ಅವನ ಅಡಿಗೆ ತೂರಿಸಿ, ತುದಿಯನ್ನು ಕಿಟಕಿಯ ಸರಳಿಗೆ ಸುತ್ತಿ ಎಳೆಯುತ್ತಿದ್ದಳು. ಅಂಚು ಕಪ್ಪಾದರೆ ಇಲ್ಲಿ ನಿಂತು ನನ್ನಿಂದ ಏನೂ ಆಗದು, ಕತ್ತರಿಸಿ ತೆಗೆಯಬೇಕು ಎಂದು ಬಾಯಿ ಎಚ್ಚರಿಸಿದ್ದಳು.

ಒಂದು ಬೆಳಿಗ್ಗೆ ಚಂದ್ರಾವತಿ ಗದ್ದೆಗೆ ಹತ್ತಿ ಬಂದಳು. ಕೂಗಾಡಲಿಲ್ಲ. ಮೂವತ್ತೊಂದರ ಪಾತಿ ಎಲ್ಲಿ ಎಂದು ಕೇಳಿದಳು. ನಾವು ಆ ವರ್ಷವೂ ಅದನ್ನು ಬಿತ್ತಿದ್ದೆವು, ಅದು ಮೈತುಂಬ ಅರಳಿ ನಿಂತಿತ್ತು. ಅವಳು ಅದನ್ನು ತುಂಬ ಹೊತ್ತು ನೋಡಿದಳು. ಮೇಡಂ ಬಂದು ಕೇಳಿಕೊಂಡರು. ನೀರು ಹೆಚ್ಚಾಗಿರಬೇಕು, ಇಲ್ಲವೇ ಉಪ್ಪು, ಇಲ್ಲವೇ ಕೋಳಿ ಕೆದಕಿರಬೇಕು ಎಂದರು. ಇಪ್ಪತ್ತಾರು ಮನೆಯ ಕೋಳಿಯೂ ಒಂದೇ ವಾರದಲ್ಲಿ ಕೆದಕಿತೇ ಎಂದು ಚಂದ್ರಾವತಿ ಮೆಲ್ಲಗೆ ಕೇಳಿದಳು. ನನಗೆ ಒಳಗೊಳಗೇ ಸಿಟ್ಟು ಬಂದಿತ್ತು, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಗದ್ದೆಯಲ್ಲಿ ನಿಂತ ಹೂ ಅವರಲ್ಲಿ ನಿಲ್ಲದಿದ್ದರೆ ತಪ್ಪು ಅವರದ್ದೇ ಎಂದು ಎಣಿಸಿದ್ದೆ.

ಅವಳು ಹೋಗಲಿಲ್ಲ. ಪಾತಿಯ ಬದುವಿನ ಮೇಲೆ ಕುಳಿತು, ನೀವು ಏನು ಮಾಡುತ್ತೀರೋ ನೋಡಿ ಹೋಗುತ್ತೇನೆ, ಅಷ್ಟನ್ನೇ ಮನೆಯಲ್ಲಿ ಮಾಡುತ್ತೇನೆ ಎಂದಳು. ನೋಡಲಿ ಎಂದು ನಾನು ನನ್ನ ಪಾಡಿಗೆ ಪಾತಿಗಳ ನಡುವೆ ಓಡಾಡಿದೆ. ನಾವು ಏನೂ ಮಾಡುವುದಿಲ್ಲ, ಮಾಡದಿರುವುದೇ ಇಲ್ಲಿಯ ಕಟ್ಟಳೆ ಎಂದು ಅವಳಿಗೆ ವಿವರಿಸುತ್ತಲೇ ಇದ್ದೆ. ಒಂದು ಕೊಡಪಾನ ನೀರು, ಅಕ್ಕಿ ತೊಳೆದ ನೀರು, ಮತ್ತೇನೂ ಇಲ್ಲ.

“ತ್ಯಾಂಪಣ್ಣ, ನಿಮ್ಮ ಕೈ ಎಂತ ಮಾಡ್ತಾ ಉಂಟು?”

“ಎಂತ ಮಾಡ್ತಾ ಉಂಟು? ಏನಿಲ್ಲ.”

“ಮುಷ್ಟಿ ಬಿಡಿಸಿ ನೋಡುವ.”

ಬಿಡಿಸಿದೆ. ಅಂಗೈಯಲ್ಲಿ ಏಳೆಂಟು ಬಾಡಿದ ಹೂ, ಒಂದೊಂದೂ ತೊಟ್ಟಿನ ಬುಡಕ್ಕೆ ಉಗುರು ತಾಗಿಸಿ ಚಿವುಟಿದ್ದು. ಅವಳು ಎದ್ದು ಬಂದು ನನ್ನ ಸೊಂಟಕ್ಕೆ ಸುತ್ತಿದ್ದ ಬೈರಾಸು ವಸ್ತ್ರದ ಮಡಿಕೆಯನ್ನು ತೋರಿಸಿದಳು. ಅಲ್ಲಿ ಇನ್ನೊಂದು ಹಿಡಿ ಇತ್ತು. ಯಾವಾಗ ಚಿವುಟಿದೆ, ಯಾವಾಗ ಮಡಿಕೆಗೆ ಹಾಕಿದೆ, ನನಗೆ ಗೊತ್ತಿಲ್ಲ. ಬಾಡಿದ್ದನ್ನು ಗಿಡದ ಮೇಲೆ ಬಿಡಬಾರದು, ಅದಕ್ಕೆ ಹೆಣಭಾರ ಎಂದು ನಾನು ಸಣ್ಣವನಿದ್ದಾಗ ನನ್ನ ಅಬ್ಬೆ ಹೇಳುತ್ತಿದ್ದಳು. ತಲೆ ಅದನ್ನು ಎಂದೋ ಮರೆತಿತ್ತು, ಕೈ ಮರೆತಿರಲಿಲ್ಲ.

ಬಾಡಿದ ಹೂ ಗಿಡದಲ್ಲೇ ಉಳಿದರೆ ಬೀಜ ಕಟ್ಟುತ್ತದೆ. ಬೀಜ ಕಟ್ಟಿದ ಮೇಲೆ ಆ ಜಾತಿಯ ಗಿಡ ತನ್ನ ಕೆಲಸ ಮುಗಿಯಿತೆಂದು ಸುಮ್ಮನಾಗುತ್ತದೆ. ಚಿವುಟುತ್ತ ಇದ್ದರೆ ಬೀಜದ ಆಸೆಗೆ ಮತ್ತೆ ಮತ್ತೆ ಅರಳುತ್ತದೆ. ತಗ್ಗಿನ ಕೇರಿಯವರು ನಾವು ಹೇಳಿದ್ದನ್ನೇ ಮಾಡಿದ್ದರು. ಏನೂ ಮಾಡಿರಲಿಲ್ಲ. ಕಟ್ಟಳೆ ಮುರಿದವನು ನಾನು. ಅದೂ ದಿನವೂ, ಎಲ್ಲರೆದುರಿಗೇ, ಇಪ್ಪತ್ತೆಂಟು ವರ್ಷ.

ಆ ಮಧ್ಯಾಹ್ನ ಊಟಕ್ಕೆ ಹೋದಾಗ ನನ್ನ ಹೆಂಡತಿ ಸೀತುವನ್ನು ಕೇಳಿದೆ, ನನ್ನ ಬೈರಾಸಿನಲ್ಲಿ ದಿನವೂ ಒಣಗಿದ ಹೂ ಇರುತ್ತಿತ್ತೇ ಎಂದು. ಅವಳು ಗಂಜಿ ಬಡಿಸುತ್ತ, “ಮತ್ತೆ? ಬಚ್ಚಲ ಒಲೆಗೆ ಹೊತ್ತಿಸ್ಲಿಕ್ಕೆ ನಾನು ಬೇರೆ ಎಂತ ಹಾಕ್ತೇನೆ ಅಂತ ಮಾಡಿದ್ದೀರಿ?” ಎಂದಳು. ಹಿಂದೆ ಇಂಥಾ ಹೂ ಕೆಲವು ಮನೆಗಳಲ್ಲಿ ಸೋತದ್ದುಂಟು. ಆಗೆಲ್ಲ ಆ ಮನೆಯವರ ಕೈಗುಣ ಸರಿಯಿಲ್ಲ ಎಂದು ನಾವು ಆಡಿಕೊಂಡಿದ್ದೆವು. ಮೇಲಿನ ಕೇರಿಯ ಒಬ್ಬರ ಮಗಳ ಮದುವೆಗೆ ದಿಬ್ಬಣ ಬಂದು, ಮನೆ ಸಿಗದೆ, ಬಿಸಿಲಲ್ಲಿ ಸುತ್ತಿ ಸುತ್ತಿ ಹಿಂದಿರುಗಿ ಹೋಗಿತ್ತು. ಆ ಹುಡುಗಿಗೆ ಮತ್ತೆ ಮದುವೆಯಾಗಲಿಲ್ಲ. ಆ ಅಂಗಳಕ್ಕೆ ಸಸಿ ಕೊಟ್ಟವನೂ ನಾನೇ.

ಊಟ ಬಿಟ್ಟು ಎದ್ದು ಮೇಡಂ ಬಳಿಗೆ ಹೋಗಿ ಹೇಳಿದೆ. ಅವರು ಎಷ್ಟು ವರ್ಷದಿಂದ ಎಂದು ಕೇಳಿದರು. ನಾನು ಸೇರಿದಂದಿನಿಂದ ಇರಬೇಕು ಎಂದೆ. ಕಪಾಟಿನಲ್ಲಿದ್ದ ಪುಸ್ತಕಗಳ ಸಾಲನ್ನು ಅವರು ನೋಡುತ್ತ ಕುಳಿತರು. ಅವರ ಜೀವಮಾನದ ಕೆಲಸ ಅದು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

“ಹಾಗಾದ್ರೆ ಇಷ್ಟರಲ್ಲೂ ಇರೋದು ಹೂವಿನ ಅಂಕ ಅಲ್ಲ ತ್ಯಾಂಪಣ್ಣ, ನಿಮ್ಮ ಕೈಯ ಅಂಕ” ಎಂದರು. ಆಮೇಲೆ, “ನಾನು ದಿನಾ ನಿಮ್ಮ ಎದುರಿಗೇ ನಿಂತು ಬರ್ಕೊಳ್ತಾ ಇದ್ದೆ. ನಾನೂ ನೋಡ್ಲಿಲ್ಲ” ಎಂದರು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಅದಕ್ಕೆ ನಾನು ಇಂದಿಗೂ ಅವರ ಋಣಿ. ಮರುವರ್ಷದಿಂದ ಪ್ರತಿ ಪಾತಿಯನ್ನು ಎರಡು ಭಾಗ ಮಾಡಿದರು. ಒಂದು ಭಾಗವನ್ನು ಚಿವುಟುವುದು, ಇನ್ನೊಂದನ್ನು ಮುಟ್ಟದೆ ಬಿಡುವುದು. ಮುಟ್ಟದ ಭಾಗದ ಹತ್ತಿರ ನಾನು ಹೋಗುವಾಗ ಕೈಗೆ ತೆಂಗಿನ ನಾರು ಕೊಟ್ಟು ಹಗ್ಗ ಹೊಸೆಯಲು ಹೇಳುತ್ತಿದ್ದರು. ಜನ ನಗುತ್ತಿದ್ದರು. ನಗಲಿ. ಅದೆಲ್ಲ ಆಮೇಲಿನ ಮಾತು. ಆ ದಿನ ಮೇಡಂ ಹೇಳಿದ್ದು, ಮೊದಲು ಆ ಕೇರಿಗೆ ಹೋಗಿ ಎಂದು.

ಹೋದೆ. ಆದರೆ ನನಗೂ ಆ ಮನೆಗಳು ಸಿಗುವಂತಿರಲಿಲ್ಲ. ಗದ್ದೆಯ ಮೂಲೆಯಲ್ಲಿ ನನ್ನ ಕೈಗೆ ತಪ್ಪಿ ಬೀಜ ಕಟ್ಟಿದ್ದ ಒಂದು ಗಿಡವನ್ನು ಬೇರುಸಮೇತ ಕಿತ್ತು ತಂದು ಓಣಿಯ ತುದಿಯಲ್ಲಿ ಕುಳಿತೆ. ಚಂದ್ರಾವತಿ ಓಣಿಯುದ್ದಕ್ಕೂ ಕೂಗಿ ಹೇಳಿದಳು. ಇಪ್ಪತ್ತಾರು ಮನೆಯ ಹೆಂಗಸರೂ ಗಂಡಸರೂ ಹೊರಗೆ ಬಂದರು. ಎಲ್ಲರ ಎದುರು ನಾನು ಮೊದಲು ಮಾಡಿದ ತಪ್ಪು ಹೇಳಿಕೊಂಡೆ. ಒಬ್ಬ ಮುದುಕಿ ಎಲೆಯಡಿಕೆ ಉಗಿದು, ಇಷ್ಟು ವರ್ಷ ನಮ್ಮ ಕೈಗೆ ಇಟ್ಟ ಹೆಸರನ್ನು ಇನ್ನು ನಿಮ್ಮ ಕೈಗೆ ಇಡಬೇಕಾಯಿತು ಎಂದಳು. ಅದು ನ್ಯಾಯವೇ ಆಗಿತ್ತು. ಆಮೇಲೆ ಚಿವುಟುವುದನ್ನು ತೋರಿಸಿದೆ. ಬೀಜದ ತಲೆಯನ್ನು ಮಾತ್ರ ಕಿತ್ತರೆ ಸಾಲದು, ಕೆಳಗಿನ ಎರಡು ಎಲೆಯ ಕಂಕುಳಲ್ಲಿ ಚಿಗುರು ಇರುತ್ತದೆ, ಅದರ ಮೇಲಕ್ಕೆ ಉಗುರು ಬರಬೇಕು. ಒಬ್ಬೊಬ್ಬರೂ ನನ್ನೆದುರು ಒಂದೊಂದು ಕಡ್ಡಿ ಚಿವುಟಿ ತೋರಿಸಿ ಮನೆಗೆ ಹೋದರು. ಕಣ್ಣಿಗೆ ಕಾಣದ ಅಂಗಳಗಳಿಂದ ಟಕ್ ಟಕ್ ಎಂದು ಚಿವುಟುವ ಸದ್ದು ನನಗೆ ಓಣಿಯಲ್ಲಿ ಕೇಳಿಸಿತೋ, ಕೇಳಿಸಿದಂತೆ ಅನಿಸಿತೋ, ಹೇಳಲಾರೆ.

ಮೊಗ್ಗು ಬರಲು ಎಂಟೊಂಬತ್ತು ದಿನವಾದರೂ ಬೇಕು. ಅಷ್ಟು ದಿನವೂ ಬೆಳಿಗ್ಗೆ ನಾನು ಗದ್ದೆಗೆ ಹೋಗುವ ಮೊದಲು ಓಣಿಯ ತುದಿಗೆ ಬಂದು ಬೆನೆಡಿಕ್ಟಾ ಬಾಯಿಯ ಜೊತೆ ನಿಲ್ಲುತ್ತಿದ್ದೆ. ಇಬ್ಬರೂ ಒಮ್ಮೆ ಓಣಿಯುದ್ದಕ್ಕೂ ನಡೆಯುತ್ತಿದ್ದೆವು, ಕಾಲು ಎಲ್ಲೂ ನಿಲ್ಲುತ್ತಿರಲಿಲ್ಲ. ಚಂದ್ರಾವತಿ ಬಂದು ಹುಣ್ಣಿನ ಸುದ್ದಿ ಹೇಳುವಳು. ವೀಳ್ಯದೆಲೆಯಷ್ಟಿದ್ದದ್ದು ಅಂಗೈಯಗಲವಾಯಿತು. ಏಳನೆಯ ದಿನ ಒಂದು ಬದಿಯ ಅಂಚು ಕಪ್ಪಗೆ ಕಾಣುತ್ತಿದೆ ಎಂದಳು. ಬಾಯಿ ಅವಳ ಮುಖವನ್ನೇ ನೋಡಿ, ಇನ್ನು ನಾಲ್ಕೈದು ದಿನ, ಅದಕ್ಕಿಂತ ಹೆಚ್ಚು ತಡೆಯುವುದಿಲ್ಲ ಎಂದಳು. ಚಂದ್ರಾವತಿ ತಲೆಯಾಡಿಸಿ ಮುಲಾಮು ತೆಗೆದುಕೊಂಡು ಹೋದಳು. ನನ್ನ ಕಡೆ ನೋಡಲೂ ಇಲ್ಲ, ನೋಡದೆಯೂ ಹೋಗಲಿಲ್ಲ. ಅದೇನೆಂದು ಹೇಳಲಿ, ಅವಳ ಪಾಲಿಗೆ ನಾನು ಆ ಓಣಿಯ ಒಂದು ಕಲ್ಲಾಗಿದ್ದೆ.

ಎಂಟನೆಯ ದಿನ ಮೊದಲ ಮನೆ ಸಿಕ್ಕಿತು. ಒಂಬತ್ತಕ್ಕೆ ಏಳು ಮನೆ. ಹತ್ತನೆಯ ದಿನ ಓಣಿಯ ಎರಡೂ ಬದಿಯಲ್ಲಿ ಅಂಗಳಗಳು ಕಾಣಿಸಿಕೊಂಡವು. ಜನ ಒಬ್ಬರ ಮನೆಗೆ ಒಬ್ಬರು ಸುಮ್ಮನೇ ಹೋಗಿ ಕುಳಿತು ಬರುತ್ತಿದ್ದರು. ಚಂದ್ರಾವತಿಯ ಅಂಗಳ ಎಲ್ಲಕ್ಕಿಂತ ತಗ್ಗು, ಮಾಡಿನ ನೆರಳು ಬೇರೆ. ಮೊಗ್ಗು ಬಂದಿದೆ, ಬಿರಿಯುತ್ತಿಲ್ಲ ಎಂದಳು. ಅಂದು ಸಂಜೆ ಕೇರಿಯವರು ಓಣಿಯಲ್ಲಿ ಸೇರಿ, ತಮ್ಮ ತಮ್ಮ ಮನೆಯಿಂದ ಒಲೆಯ ಬೂದಿ ತಂದು ಅವಳ ಕೈಗೆ ಕೊಟ್ಟರು. ಗಿಡದ ಬುಡದ ನೀರು ಹೀರಲಿ ಎಂದು. ಅದು ನನ್ನ ಉಪಾಯವಲ್ಲ, ಎಲೆಯಡಿಕೆ ಉಗಿದ ಆ ಮುದುಕಿಯದ್ದು.

ಹನ್ನೊಂದನೆಯ ಬೆಳಿಗ್ಗೆ ನಾನೂ ಬಾಯಿಯೂ ನಡೆದೆವು. ಬಾಯಿ ತನ್ನ ತಂಗಿಯ ಹೆರಿಗೆಯ ಸುದ್ದಿ ಹೇಳುತ್ತಿದ್ದಳು, ನಾನು ಹೂಂಗುಟ್ಟುತ್ತಿದ್ದೆ. ಒಂದು ಕಡೆ ಅವಳ ಮಾತು ನಡುವೆಯೇ ನಿಂತಿತು. ನೋಡಿದರೆ ನನ್ನ ಕಾಲೂ ನಿಂತಿತ್ತು. ಎದುರಿಗೆ ಸಗಣಿ ಸಾರಿಸಿದ ಸಣ್ಣ ಅಂಗಳ, ಮೋಟು ಗೋಡೆ, ಬೂದಿ ಸುತ್ತಿದ ಒಂದು ಗಿಡ, ಅದರಲ್ಲಿ ಒಂದೇ ಒಂದು ಹೂ, ಇನ್ನೂ ಪೂರ್ತಿ ಬಿರಿದಿರಲಿಲ್ಲ. ನನ್ನ ಜೀವಮಾನದಲ್ಲಿ ಸಾವಿರಾರು ಪಾತಿಯ ಹೂ ಕಂಡವನು ನಾನು. ಅಷ್ಟು ಚಂದದ್ದು ಕಂಡದ್ದಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಎಸಳು ಹುಳ ತಿಂದಿತ್ತು. ಆದರೂ ನಾನು ಅದಕ್ಕೆ ಕೈಮುಗಿದೆ.

ಬಾಯಿ ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿದಳು. ನಾನು ಅಂಗಳದ ಹೊರಗೇ ನಿಂತೆ. ಒಳಗೆ ಹೋಗುವ ಮುಖ ನನಗಿರಲಿಲ್ಲ. ಬಿಸಿನೀರು ಕೇಳಿದ್ದು, ಕತ್ತರಿಯ ಸದ್ದು, ಐತಪ್ಪ ಹಲ್ಲು ಕಚ್ಚಿ ನರಳಿದ್ದು ಎಲ್ಲ ಕೇಳಿಸುತ್ತಿತ್ತು. ಬಿಸಿಲು ಮೋಟು ಗೋಡೆಯಿಂದ ಅಂಗಳಕ್ಕೆ ಇಳಿಯಿತು. ಬಹಳ ಹೊತ್ತಿನ ಮೇಲೆ ಚಂದ್ರಾವತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಕಪ್ಪಾದದ್ದು ಮೇಲೆ ಮೇಲೆ ಅಷ್ಟೆಯಂತೆ, ಕೆತ್ತಿ ತೆಗೆದರಂತೆ, ಅಡಿಯಲ್ಲಿ ಕೆಂಪು ಮಾಂಸ ಇದೆಯಂತೆ, ಇನ್ನು ಹೆದರಿಕೆ ಇಲ್ಲವಂತೆ. ಬಾಯಿ ಹೇಳಿದ್ದನ್ನೆಲ್ಲ ಅವಳು ಹಾಗೇ ಒಪ್ಪಿಸಿದಳು. ಹೇಳಿ ಮುಗಿದ ಮೇಲೆ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

ಅವಳಿಗೆ ಏನು ಹೇಳಬೇಕೆಂದು ಹನ್ನೊಂದು ದಿನದಿಂದ ಮಾತು ಜೋಡಿಸಿಟ್ಟಿದ್ದೆ. ನನ್ನ ತಪ್ಪು ಮನ್ನಿಸು ಎನ್ನಬೇಕೆಂದಿದ್ದೆ. ನಾಲಿಗೆಗೆ ಬಂದದ್ದು ಬೇರೆಯೇ. ನೀನು ಅಂದು ಸಿಟ್ಟು ಮಾಡಿಕೊಂಡು ಹೋಗಿಬಿಟ್ಟಿದ್ದರೆ ನಾನು ಹೀಗೇ ಸಾಯುತ್ತಿದ್ದೆ, ನನ್ನ ಕೈ ಏನು ಮಾಡುತ್ತದೆಂದು ತಿಳಿಯದೆಯೇ ಸಾಯುತ್ತಿದ್ದೆ, ಕುಳಿತು ನೋಡಿದ್ದಕ್ಕೆ ನಿನ್ನ ಉಪಕಾರ ಮರೆಯುವುದಿಲ್ಲ ಎಂದೆ. ಅವಳು ಗೋಡೆಯ ಬಳಿ ಸರಿದು ದಾರಿ ಬಿಟ್ಟಳು.

“ಒಳಗೆ ಬನ್ನಿ ತ್ಯಾಂಪಣ್ಣ. ಚಾಕ್ಕೆ ನೀರಿಟ್ಟಿದ್ದೇನೆ” ಎಂದಳು.

ನಾನು ಅಂಗಳಕ್ಕೆ ಕಾಲಿಡಬೇಕು, ಅಷ್ಟರಲ್ಲಿ ಒಳಗಿನಿಂದ ಐತಪ್ಪನ ದನಿ ಬಂತು. ತಿಂಗಳುಗಟ್ಟಲೆ ಮಲಗಿದವನ ಬತ್ತಿದ ದನಿ, ಆದರೂ ಅದರಲ್ಲಿ ನಗೆ ಇತ್ತು.

“ಬರುದಾದ್ರೆ ಕೈ ಕಟ್ಟಿಕೊಂಡು ಬರ್ಲಿಕ್ಕೆ ಹೇಳು ಮಾರಾಯ್ತಿ ಅವರಿಗೆ. ಇರುದು ಒಂದೇ ಹೂ.”

ಬೆನೆಡಿಕ್ಟಾ ಬಾಯಿ ಒಳಗೆ ಗಟ್ಟಿಯಾಗಿ ನಕ್ಕಳು. ಚಂದ್ರಾವತಿ ನಗು ತಡೆಯಲು ಮುಖ ತಿರುಗಿಸಿದಳು, ತಡೆಯಲಾಗಲಿಲ್ಲ. ನಾನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗಿಡದಿಂದ ಒಂದು ಮಾರು ದೂರ ಸರಿದು, ತಗ್ಗು ಬಾಗಿಲಿಗೆ ತಲೆ ಬಾಗಿಸಿ ಒಳಗೆ ಹೋದೆ. ಐತಪ್ಪನ ಮಂಚದ ಪಕ್ಕದಲ್ಲಿ ಮಣೆಯ ಮೇಲೆ ಹಾಗೇ ಕುಳಿತೆ. ಚಾ ಬಂದಾಗ ಮಾತ್ರ ಕೈ ಬಿಡಿಸಿದೆ, ಅದೂ ಅವನನ್ನು ಕೇಳಿಕೊಂಡು.